ಕಾದಂಬರಿ ಕೇಳಲು ಬಂದ ಅಜ್ಜಿ

“ಅಕ್ಕಾರ, ಆ ಹಡಗ ಮುಳುಗಿತೇನ್ರಿ, ಇಲ್ಲೇನ್ರಿ?”

ತರಗತಿಯ ಬಾಗಿಲಲ್ಲಿ ನಿಂತು ಕೇಳಿದವಳು ನನ್ನ ವಿದ್ಯಾರ್ಥಿನಿ ಪದ್ಮಾವತಿಯ ಅಜ್ಜಿ. ಸಂಸ್ಥಾನದ ಕಾಲದ ಜಮಖಂಡಿಯಲ್ಲಿ ನಾನು ಏಳನೇ ಇಯತ್ತೆಯ ಹುಡುಗಿಯರಿಗೆ ದಿನವೂ ಒಂದಿಷ್ಟು ಕಾದಂಬರಿ ಓದಿ ಹೇಳುತ್ತಿದ್ದೆ. ಪದ್ಮಾವತಿ ಅದನ್ನೇ ಮನೆಯಲ್ಲಿ ಅಜ್ಜಿಗೆ ಹೇಳುತ್ತಿದ್ದಳಂತೆ.

“ಇಕಿ ಹಿಂದಿಂದ ಮುಂದ ಮಾಡಿ ಹೇಳತಾಳ್ರಿ. ಒಂದೂ ತಿಳಿಯಂಗಿಲ್ಲ,” ಎಂದು ಅಜ್ಜಿ ದೂರಿದಳು.

ಮರುದಿನದಿಂದ ಓದಿದ್ದನ್ನು ಹುಡುಗಿಯರಿಂದ ಒಂದು ಪ್ಯಾರಾದಲ್ಲಿ ಬರೆಸತೊಡಗಿದೆ. ಮೊದಲು ಏನಾಯಿತು, ಆಮೇಲೆ ಅದು ಏಕಾಯಿತು, ಕೊನೆಗೆ ನಿನಗೇನು ಅನಿಸಿತು. ಪದ್ಮಾವತಿ ಸಂಜೆ ಅದನ್ನು ಓದಿ ಹೇಳಿದರೆ ಅಜ್ಜಿಗೆ ಎಲ್ಲವೂ ತಿಳಿಯುತ್ತಿತ್ತು.

ದೀಪಾವಳಿ ಕಳೆದ ಮೇಲೆ ಅವಳಪ್ಪ ಬಂದ. ಮಗಳಿಗೆ ವರ ನೋಡುತ್ತಿದ್ದೇವೆ, ಶಾಲೆಯಿಂದ ಹೆಸರು ತೆಗೆಯಿರಿ ಎಂದ. ಅವನ ಬೆನ್ನ ಹಿಂದೆಯೇ ಅಜ್ಜಿ ಬಂದು ಮಗನನ್ನು ತಡೆದಳು.

“ಲೇ, ಕಾದಂಬರಿ ಮುಗಿಯೂತನಕ ಸಾಲಿ ಬಿಡಸಬ್ಯಾಡ. ಮುಂದಿನ ಕಥಿ ನನಗ ಯಾರ ಹೇಳಾವ್ರು?”

ಹಾಗಾದರೆ ಅದು ಮುಗಿಯುವವರೆಗೆ ಇರಲಿ ಎಂದು ಅವನು ಹೊರಟುಹೋದ.

ಪುಸ್ತಕದಲ್ಲಿ ಉಳಿದಿದ್ದದ್ದು ಮೂವತ್ತೇ ಪುಟ. ಅಂದಿನಿಂದ ನಾನು ದಿನಕ್ಕೆ ಕಾಲು ಪುಟದಂತೆ ಓದಿದೆ. ಪದ್ಮಾವತಿ ಆ ವರ್ಷದ ಕೊನೆಗೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತಳು. ಅಷ್ಟು ನಿಧಾನವಾಗಿ ನಾನು ಮತ್ತೆ ಯಾವ ಪುಸ್ತಕವನ್ನೂ ಓದಿಲ್ಲ.