ರಾಜಕುಮಾರಿಯ ಉಬ್ಬುಹಲ್ಲು

ಇದ್ದ ಚಿತ್ರವನ್ನು ಇರಲಿಲ್ಲವೇನೋ ಎಂದು ನಾನು ಗಿರಿಜಕ್ಕನಿಗೆ ಹೇಳಿದೆ. ಹಾಗೆ ಹೇಳುವ ಹೊತ್ತಿನಲ್ಲಿ ಆ ಚಿತ್ರ ನನ್ನ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ ಇತ್ತು. ಮರೆತು ಹೇಳಿದ್ದಲ್ಲ, ಬಾಯಿತಪ್ಪಿ ಬಂದದ್ದೂ ಅಲ್ಲ. ಮತ್ತೆ ಯಾಕೆ ಹೇಳಿದೆ ಎಂದರೆ — ಅದು ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ತಿಳಿದಷ್ಟನ್ನು ಬರೆಯುತ್ತೇನೆ.

ನಾನು ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಮಕ್ಕಳು ಬರೆದ ಆನೆಗೆ ಸೊಂಡಿಲು ಸರಿಮಾಡುವುದು, ಓರೆಯಾದ ಮನೆಯನ್ನು ನೆಟ್ಟಗೆ ನಿಲ್ಲಿಸುವುದು — ನಿವೃತ್ತಿಯವರೆಗೂ ಇದೇ ಕೆಲಸ. ಕೈಯಲ್ಲಿ ರಬ್ಬರ್ ಇದ್ದರೆ ಸುಮ್ಮನೆ ಕೂರಲು ನನಗೆ ಬರುವುದಿಲ್ಲ. ಕ್ಯಾಲೆಂಡರಿನ ದೇವರ ಮೂಗನ್ನೂ ಬಿಟ್ಟವಳಲ್ಲ ಇವಳು ಎಂದು ನಮ್ಮ ಯಜಮಾನರು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದೊಂದು ಹೆಮ್ಮೆಯೇ ಆಗಿತ್ತು ನನಗೆ.

ಇದರ ಜೊತೆಗೆ ಹಳೆಯ ಪುಸ್ತಕದ ಹುಚ್ಚು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪುಸ್ತಕದ ಅಂಗಡಿ ಇದೆ. ಮುಂಭಾಗದಲ್ಲೆಲ್ಲ ಪರೀಕ್ಷೆಯ ಗೈಡುಗಳು; ಅವನ್ನು ದಾಟಿ ಒಳಗೆ ಹೋದರೆ ಒಂದು ಮೂಲೆಯಲ್ಲಿ ಕಾಮಿಕ್ಸ್ ರಾಶಿ, ಪಕ್ಕದಲ್ಲಿ ರದ್ದಿಯಿಂದ ಆರಿಸಿಟ್ಟ ಕಟ್ಟುಗಳು. ಅಂಥದೊಂದು ಕಟ್ಟಿನಲ್ಲಿ ನನಗೆ ಆ ಪುಸ್ತಕ ಸಿಕ್ಕಿತು. ಪುಸ್ತಕ ಎಂದರೆ ಯಾರೋ ಪ್ರಕಟಿಸಿದ್ದಲ್ಲ. ಹಿಂದೆಲ್ಲ ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರವೂ ಹರಿದಿಟ್ಟುಕೊಂಡು, ಮುಗಿದ ಮೇಲೆ ರಟ್ಟು ಹಾಕಿಸಿ ಬೈಂಡ್ ಮಾಡಿಸುತ್ತಿದ್ದರಲ್ಲ, ಅಂಥದ್ದು. ರಾಜಕುಮಾರಿಯೊಬ್ಬಳು ಕುದುರೆ ಏರಿ, ಊರಿನ ದನ ಕದ್ದವರನ್ನು ಬೆನ್ನಟ್ಟುವ ಚಿತ್ರಕಥೆ. ನಡುವಿನ ಒಂದು ಕಂತು ಮಾತ್ರ ಅಚ್ಚಿನದಲ್ಲ. ಬಿಳಿ ಹಾಳೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದು, ಚೌಕ ಹಾಕಿ, ಮಾತುಗಳನ್ನೂ ತುಂಬಿ ಸೇರಿಸಿದ್ದರು. ಕೊಂಡ ದಿನ ಅಂಗಡಿಯಲ್ಲಿ ಮಾಲೀಕನ ಹೆಂಡತಿ ಇದ್ದಳು. ನಾನು ಕೊಟ್ಟ ಕಟ್ಟನ್ನು ಬಿಚ್ಚಿಯೂ ನೋಡದೆ ಚೀಲಕ್ಕೆ ಹಾಕಿದಳು.

ಒಂದು ಭಾನುವಾರ ಅದನ್ನು ತೆರೆದು ಕುಳಿತೆ. ಕುದುರೆಯ ಹಿಂಗಾಲು ತಪ್ಪಾಗಿತ್ತು, ಸರಿಮಾಡಿದೆ. ಆಮೇಲೆ ರಾಜಕುಮಾರಿಯ ಬಾಯಿ. ಮೇಲಿನ ಹಲ್ಲುಗಳು ತುಟಿ ದಾಟಿ ಮುಂದೆ ಬಂದಿದ್ದವು. ಎಳೆಯ ಕೈ, ತುಟಿ ಬರೆಯಲು ಬಂದಿಲ್ಲ ಅಂದುಕೊಂಡೆ. ಒಂದು ಚೌಕದಲ್ಲಲ್ಲ, ಎಲ್ಲ ಚೌಕಗಳಲ್ಲೂ ಹಾಗೇ ಇತ್ತು. ಬೇಕೆಂದೇ ಬರೆದಿದ್ದಾರೆ ಎಂದು ಆಗಲೇ ಹೊಳೆಯಬೇಕಿತ್ತು, ಇಷ್ಟು ವರ್ಷ ಪಾಠ ಹೇಳಿದವಳಿಗೆ. ಹೊಳೆಯಲಿಲ್ಲ. ಒಂದೊಂದೇ ಮುಖದ ಹಲ್ಲನ್ನು ಅಳಿಸಿ, ಮುಚ್ಚಿದ ತುಟಿಯನ್ನು ಚೆಂದವಾಗಿ ಬರೆದೆ. ಮುಚ್ಚಿಡುವುದೇಕೆ, ಆ ಮಧ್ಯಾಹ್ನ ನನಗೆ ತುಂಬ ಖುಷಿಯಾಗಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಅದೇ ಅಂಗಡಿಯಲ್ಲಿ ಗಿರಿಜಕ್ಕ ಸಿಕ್ಕರು. ನಮ್ಮ ಹಿಂದಿನ ಬೀದಿಯವರು, ಅಂಗನವಾಡಿ ಟೀಚರು. ಮುಖಪರಿಚಯ ಇತ್ತು, ಮಾತಿರಲಿಲ್ಲ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕಾಮಿಕ್ಸ್ ರಾಶಿ ಕೆದಕುತ್ತಿದ್ದರು.

"ಬರ್ರಿ ಮೇಡಂ, ಕುಂತ್ಕಳ್ರಿ," ಎಂದ ಅಂಗಡಿಯವನು ನನಗೆ ಸ್ಟೂಲು ಎಳೆದು, "ಈ ಅಕ್ಕಾರು ಒಂದು ಬೈಂಡು ಹುಡುಕ್ತಾ ಅವ್ರೆ. ನಿಮ್ಮ ಕಣ್ಣಿಗೇನಾರ ಬಿತ್ತಾ ಕೇಳಿ," ಎಂದ.

ಯಾವ ಬೈಂಡು ಎಂದು ಕೇಳಿದೆ. ಗಿರಿಜಕ್ಕ ಕೈಯ ಧೂಳು ಒರೆಸಿಕೊಂಡು ಹೇಳಿದರು.

"ನಮ್ಮಪ್ಪ ಚಿಕ್ಕಜಾಜೂರಿನಾಗೆ ರೈಲ್ವೆ ಕೆಲಸಕ್ಕಿದ್ರು. ಪತ್ರಿಕೆ ರೈಲಿಗೆ ಬರೋದು. ಒಂದು ವಾರ ಬರಲೇ ಇಲ್ಲ. ನಾನು ಅತ್ತೂ ಅತ್ತೂ ಊಟ ಬಿಟ್ಟೆ. ನಮ್ಮ ಶಾರದಕ್ಕ ಹೊಳಲ್ಕೆರೆಗೆ ಓದಾಕೆ ಹೋಗ್ತಿದ್ಲು. ಅಲ್ಲಿ ಗೆಳತಿ ಹತ್ರ ಕಥೆ ಕೇಳ್ಕಂಡು ಬಂದು ಆ ವಾರದ್ದು ತಾನೇ ಬರೆದು ಸೇರಿಸಿದ್ಲು. ಸ್ಕೂಲಾಗೆ ಎಲ್ಲರೂ ನನ್ನ ಹಲ್ಲುಗಿರಿಜ ಅಂತಿದ್ರು. ಅದಕ್ಕೆ ರಾಜಕುಮಾರಿಗೆ ನನ್ನ ಹಲ್ಲೇ ಇಟ್ಟಿದ್ಲು ಕಣಮ್ಮ! 'ನೋಡೇ, ಕುದುರೆ ಮ್ಯಾಲೆ ನೀನೇ ಕುಂತೀಯ' ಅಂದಿದ್ಲು."

ಹೇಳಿ ನಕ್ಕರು. ಆ ಹಲ್ಲುಗಳನ್ನು ಕಂಡೆ. ನಾನು ಚೌಕಚೌಕದಲ್ಲೂ ಅಳಿಸಿದ ಹಲ್ಲುಗಳೇ ಅವು.

ಶಾರದಕ್ಕ ಮದುವೆಯಾದ ಹೊಸದರಲ್ಲೇ ಹೆರಿಗೆಯಲ್ಲಿ ತೀರಿಕೊಂಡರಂತೆ. ಒಂದು ಫೋಟೋ ಕೂಡ ಇಲ್ಲವಂತೆ. ಅಪ್ಪ ಹೋದ ಮೇಲೆ ಮನೆ ಖಾಲಿಮಾಡುವಾಗ ಗಿರಿಜಕ್ಕನ ತಮ್ಮ ಹಳೆಯ ಕಾಗದವನ್ನೆಲ್ಲ ಮೂಟೆ ಕಟ್ಟಿ ರದ್ದಿಯವನಿಗೆ ಹಾಕಿದ್ದ. ಇದನ್ನೆಲ್ಲ ಕೇಳಿಯೂ ನಾನು — ಆ ಕ್ಷಣ ಬಾಯಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅಳಿಸಿದ್ದಕ್ಕೆ ಬೈಯುತ್ತಿದ್ದರು, ಅಳುತ್ತಿದ್ದರು, ಆದರೂ ಪುಸ್ತಕ ಅವರ ಕೈ ಸೇರುತ್ತಿತ್ತು. ನಾನು ಹೇಳಿದ್ದು ಬೇರೆ. "ಹುಡುಕಾಣ ಬಿಡ್ರಿ ಅಕ್ಕ, ಸಿಗತೈತೆ," ಎಂದೆ.

ಹುಡುಕಿದೆವು! ಶನಿವಾರ ಅವರ ಅಂಗನವಾಡಿ ಬಿಡುತ್ತಲೇ ಇಬ್ಬರೂ ಹೊರಟುಬಿಡುತ್ತಿದ್ದೆವು. ದುರ್ಗದ ಅಂಗಡಿಗಳು ಮುಗಿದ ಮೇಲೆ ಹೊಳಲ್ಕೆರೆ. ಅಲ್ಲಿ ಒಬ್ಬ ಸ್ಟೇಷನರಿಯವನ ಹತ್ತಿರ ಹಳೆಯ ಕಾಮಿಕ್ಸ್‌ಗಳು ಸುತಳಿಯಲ್ಲಿ ಕಟ್ಟಿದಂತೆಯೇ ಇದ್ದವು, ಗಿರಿಜಕ್ಕ ಅಂಗನವಾಡಿ ಮಕ್ಕಳಿಗೆಂದು ಒಂದು ಕಟ್ಟು ಕೊಂಡು ಬಸ್ಸಿನಲ್ಲಿ ತಾವೇ ಓದಿ ಮುಗಿಸಿದರು. ಹಿರಿಯೂರಿನಲ್ಲಿ ಹೈವೇ ಬಸ್ಸು ನಿಲ್ಲುವ ಕಡೆ, ತೆಂಗಿನಕಾಯಿ ಲೋಡ್ ಮಾಡುವ ಲಾರಿಗಳ ಹಿಂದೆ ಒಂದು ಅಂಗಡಿ. ಹೊಸದುರ್ಗದಲ್ಲಿ ಜೆರಾಕ್ಸ್ ಅಂಗಡಿಯವರೊಬ್ಬರು ತಮ್ಮ ತಂದೆ ನಡೆಸುತ್ತಿದ್ದ ಬಾಡಿಗೆ ಪುಸ್ತಕದ ಲೈಬ್ರರಿಯನ್ನು ಅಟ್ಟದ ಮೇಲೆ ಹಾಗೇ ಉಳಿಸಿಕೊಂಡಿದ್ದರು. ಎಲ್ಲೂ ಸಿಗದಂಥ ಪುಸ್ತಕಗಳನ್ನು ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ನಂಬಿಕೆ ಹುಟ್ಟಿದವರಿಗೆ ಮಾತ್ರ ಬಿಚ್ಚಿ ತೋರಿಸುತ್ತಿದ್ದರು. ಅಲ್ಲಿ ಗಿರಿಜಕ್ಕ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದರೆ ನಾನು ಕೆಳಗೆ ಏಣಿ ಹಿಡಿದು, "ಆ ಮೂಲೆ ನೋಡ್ರಿ ಅಕ್ಕ," ಅನ್ನುತ್ತಿದ್ದೆ. ಅನ್ನುತ್ತಿದ್ದೆನಲ್ಲ, ನಾನು!

ಯಾಕೆ ಸುಮ್ಮನಿದ್ದೆ? ನಾಚಿಕೆ ಎಂದರೆ ಹೌದು, ಮೊದಲ ಕೆಲವು ವಾರ ನಾಚಿಕೆಯೇ. ಆಮೇಲೆ? ನಮ್ಮ ಯಜಮಾನರು ಹೋದ ಮೇಲೆ ನನ್ನ ಜೊತೆ ಅಷ್ಟು ಮಾತಾಡಿದವರು, ನನ್ನನ್ನು ಅಷ್ಟು ನಗಿಸಿದವರು ಬೇರೆ ಯಾರೂ ಇರಲಿಲ್ಲ. ಪುಸ್ತಕ ಸಿಕ್ಕಿದರೆ ಶನಿವಾರ ನಿಂತುಹೋಗುತ್ತದೆ ಎಂಬ ಭಯವೇ? ಇರಬಹುದು. ಆದರೆ ಹಾಗೆ ಬರೆದುಬಿಟ್ಟರೆ ನಾನು ಪ್ರೀತಿಗಾಗಿ ಸುಳ್ಳು ಹೇಳಿದ ಹಾಗಾಗುತ್ತದೆ, ಅಷ್ಟು ಒಳ್ಳೆಯವಳು ನಾನಲ್ಲ. ಎಷ್ಟೋ ಸಲ ಪುಸ್ತಕ ತೆಗೆದು ಆ ತುಟಿಗಳನ್ನು ನೋಡಿದ್ದೇನೆ, ಚೆನ್ನಾಗಿ ಬರೆದಿದ್ದೇನೆ ಅಂತಲೂ ಅನಿಸಿದೆ. ಇದನ್ನು ಯಾವುದಕ್ಕೆ ಸೇರಿಸಲಿ? ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ, ತಲೆ ಕೆಡುತ್ತದೆ.

ಹೋದ ಬೇಸಿಗೆಯಲ್ಲಿ ಹಿರಿಯೂರಿನ ಅಂಗಡಿ ಮುಚ್ಚುತ್ತದೆಂದು ತಿಳಿದು ಹೋಗಿದ್ದೆವು. ಏನೂ ಸಿಗಲಿಲ್ಲ — ಸಿಗುವುದಾದರೂ ಹೇಗೆ! ಹೊರಗೆ ಬೆಂಚಿನ ಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂತಾಗ ಗಿರಿಜಕ್ಕ ಹೇಳಿದರು.

"ನನ್ನ ತಮ್ಮ ಅಂತಾನೆ, ಅಂಥ ಚಿತ್ರ ಇರಲೇ ಇಲ್ಲ, ನೀನು ಕನಸು ಕಂಡೀಯ ಅಂತ. ಈಗೀಗ ನನಗೂ ಹಂಗೇ ಅನಿಸತೈತೆ ಕಮಲ. ಶಾರದಕ್ಕ ಬರೆದಿದ್ಲೋ, ಇಲ್ಲಾ ನಾನೇ ಕಟ್ಕಂಡೆನೋ. ನೀನೇನಂತೀ?"

ನನ್ನನ್ನೇ ನೋಡುತ್ತಿದ್ದರು. ಲೋಕದಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ನಾನೊಬ್ಬಳೇ.

"ಚಿಕ್ಕೋರಿದ್ದಾಗಿನ ನೆನಪು ಅಕ್ಕ," ಎಂದೆ. "ಇರಲಿಲ್ಲವೇನೋ."

ಅವರು ತಲೆಯಾಡಿಸಿದರು. ಅಲ್ಲೇ, ನನ್ನೆದುರಿಗೇ ತಮ್ಮನಿಗೆ ಫೋನ್ ಮಾಡಿದರು. "ನೀನು ಅಂದಿದ್ದೇ ದಿಟ ಇರಬೇಕು ಬಿಡಪ್ಪ. ನಾನೇ ಸುಮ್ನೆ ನಿನ್ನ ಬೈಕಂಡು ತಿರುಗಿದೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಮೇಲೆ ಶನಿವಾರಗಳು ನಿಂತವು. ಕರೆಯಲು ಹೋದರೆ ಮಂಡಿ ನೋವು ಅನ್ನುತ್ತಿದ್ದರು. ಒಂದು ದಿನ ಶಾರದಕ್ಕನ ಮಾತೆತ್ತಿದೆ. "ಅವಳಿಗೆ ನಾನಂದ್ರೆ ಅಷ್ಟು ಪ್ರೀತಿ ಇತ್ತೋ ಇಲ್ಲೋ, ಯಾರಿಗೆ ಗೊತ್ತು ಬಿಡು," ಎಂದು ಒಳಗೆ ಎದ್ದು ಹೋದರು. ಹಲ್ಲು ಅಳಿಸಿದ್ದನ್ನು ಅಜ್ಞಾನ ಅನ್ನಬಹುದು. ಇದಕ್ಕೆ ಏನನ್ನಲಿ?

ಮನೆಗೆ ಬಂದು ಪುಸ್ತಕ ತೆಗೆದೆ. ಪೆನ್ಸಿಲ್ ಚೂಪು ಮಾಡಿದೆ. ಹಲ್ಲುಗಳನ್ನು ಮೊದಲಿನಂತೆ ಬರೆದುಬಿಟ್ಟರೆ ಅವರಿಗೆ ಗೊತ್ತಾಗುವುದಿಲ್ಲ, ಅಷ್ಟು ಪಳಗಿದ ಕೈ ನನ್ನದು. ಮೊದಲ ಚೌಕದ ಮೇಲೆ ಮೊನೆ ಇಟ್ಟೂ ಇಟ್ಟೆ. ಆಮೇಲೆ ಆ ಕೈಯ ಮೇಲೆ ನನಗೇ ಅಸಹ್ಯವಾಗಿ ಎತ್ತಿಬಿಟ್ಟೆ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಅಕ್ಕಿ ಆರಿಸುತ್ತಿದ್ದರು. "ಅಕ್ಕ, ಇದು ನನ್ನ ಹತ್ರ ಇತ್ತು. ನೀವು ಮೊದಲ ಸಲ ಕೇಳಿದ ದಿನಾನೂ ಇತ್ತು," ಎಂದು ಕೈಗೆ ಕೊಟ್ಟೆ. ಹಲ್ಲಿನ ಮಾತು ಎತ್ತಲಿಲ್ಲ. ಗಿರಿಜಕ್ಕ ನನ್ನನ್ನು ನೋಡಲಿಲ್ಲ, ಕೂರು ಅನ್ನಲೂ ಇಲ್ಲ. ಪೆನ್ಸಿಲಿನ ಕಂತು ಬರುವ ತನಕ ಹಾಳೆ ತಿರುವಿದರು. ಬಂದ ಕೂಡಲೇ ತಮ್ಮನಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟರು.

"ಲೇ, ಐತೆ ಕಣೋ. ಶಾರದಕ್ಕ ಬರೆದಿದ್ದು ಐತೆ. ಕುದುರೆ ಐತೆ, ಅವಳ ಅಕ್ಷರ ಐತೆ..."

ಮಾತಾಡುತ್ತಲೇ ಬೆರಳು ಚೌಕದಿಂದ ಚೌಕಕ್ಕೆ ಹೋಗುತ್ತಿತ್ತು. ಒಂದು ಮುಖ, ಇನ್ನೊಂದು ಮುಖ. ಬೆರಳು ನಿಧಾನವಾಯಿತು.

"ನೀನು ಹೇಳ್ತಿದ್ದ ಹಲ್ಲು ಅವೆಯೇನಕ್ಕ?" ಎಂದು ತಮ್ಮ ಕೇಳಿದ.

ಗಿರಿಜಕ್ಕ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಂತರ ತಲೆಯೆತ್ತಿ ನನ್ನ ಮುಖ ನೋಡಿದರು. ಅಂಗಡಿಗಳಲ್ಲಿ ನಾನು ಕಂಡಕಂಡ ಚಿತ್ರದಲ್ಲೆಲ್ಲ ತಪ್ಪು ಹುಡುಕುವುದನ್ನು ವರ್ಷಗಟ್ಟಲೆ ಕಂಡವರು. ಫೋನನ್ನು ನನ್ನ ಕಡೆ ಚಾಚಿದರು.

"ನೀನೇ ಹೇಳು ಕಮಲ."

ತೆಗೆದುಕೊಂಡೆ. "ಇದ್ವು," ಎಂದೆ. "ಎಲ್ಲ ಚಿತ್ರದಾಗೂ ಇದ್ವು. ನಾನೇ ಅಳಿಸಿದ್ದು."

ಯಾರು ಮಾತಾಡ್ತಿರೋದು ಎಂದು ಆ ಕಡೆಯಿಂದ ಕೇಳಿದ. ನನ್ನ ಹೆಸರು ಹೇಳಿದೆ.