ಟೊಂಗೆಗೆ ಕಟ್ಟದ ಗುಂಡು

ಐದು ವರ್ಷದ ಶರಣಮ್ಮ ತನ್ನ ಮಣ್ಣಿನ ಗುಂಡನ್ನು ಕೊರಳಿನಿಂದ ಬಿಚ್ಚಲು ಒಪ್ಪಲಿಲ್ಲ. ಎಂಬತ್ತರ ದಶಕದ ಒಂದು ಕ್ರಿಸ್‌ಮಸ್ ಸಂಜೆ, ನರೋಣಾದ ನಮ್ಮ ಬಾಡಿಗೆ ಮನೆಯಂಗಳ. ಓಣಿಯ ಮಕ್ಕಳು ಎರೆಮಣ್ಣಿನ ಗುಂಡುಗಳಿಗೆ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಸುತ್ತಿ, ಕ್ರಿಸ್‌ಮಸ್ ಗಿಡವೆಂದು ಡಬ್ಬಿಯಲ್ಲಿ ನೆಟ್ಟ ದೊಡ್ಡ ಬೇವಿನ ಟೊಂಗೆಗೆ ಕಟ್ಟುತ್ತಿದ್ದರು; ಶರಣಮ್ಮ ಮಾತ್ರ ತನ್ನದನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದಳು.

“ನಿಂದೂ ಗಿಡಕ್ಕ ಕಟ್ಟವ್ವಾ,” ಎಂದೆ.

“ಇದು ಗುಂಡಗಡಗಿ ಅದರಿ. ಮೈಮ್ಯಾಲಿಂದ ತೆಗಿಬಾರ್ದು. ನಮ್ಮ ಮುತ್ಯಾ ಮಲಗುವಾಗೂ ತೆಗಿಯಂಗಿಲ್ಲ.”

ಅವಳ ಮುತ್ಯಾನ ಎದೆಯ ಮೇಲೆ ಇಷ್ಟಲಿಂಗವಿಟ್ಟ ದುಂಡನೆಯ ಬೆಳ್ಳಿ ಕರಡಿಗೆ, ಗುಂಡಗಡಿಗೆ, ಸದಾ ಇರುತ್ತಿತ್ತು. ಆದರೆ ಗಿಡದಲ್ಲಿ ತನ್ನದೂ ಇರಬೇಕೆಂಬ ಹಟ ಅವಳದು. ತಾನೇ ಹೋಗಿ ಗಿಡದ ಎಲೆಗಳ ನಡುವೆ ನಿಂತಳು. ನಾವು ಕ್ರಿಸ್‌ಮಸ್ ಹಾಡು ಶುರುಮಾಡಿದೆವು.

ಅಷ್ಟರಲ್ಲಿ ಅವಳನ್ನು ಕರೆದೊಯ್ಯಲು ಮುತ್ಯಾ ಬಂದರು. ಆ ಓಣಿಗೆ ಹೊಸದಾಗಿ ಬಂದ ಕ್ರೈಸ್ತರು ನಾವು. ಮಗುವಿನ ಕೊರಳ ಮಣ್ಣಿನ ಗುಂಡು ಅವರಿಗೆ ಲಿಂಗದ ಅಣಕವೆನಿಸಿದರೆ ನಾಳೆಯಿಂದ ಒಂದು ಮಗುವೂ ನಮ್ಮ ಮನೆಗೆ ಬರುವುದಿಲ್ಲವೆಂದು ಹೆದರಿದೆ. ಅವರು ಮೊಮ್ಮಗಳ ಕೊರಳು ನೋಡಿದರು, ಗಿಡ ನೋಡಿದರು, ಕಟ್ಟೆಯ ಮೇಲೆ ಕೂತರು.

“ಆಕಿ ತೆಗಿಯಂಗಿಲ್ಲ ಬಿಡ್ರಿ ಬಾಯಾರ. ನಿಮ್ಮ ಹಾಡು ಮುಗೀಲಿ, ನಾ ಕೂಡ್ತೇನಿ.”

ಹಾಡು ಮುಗಿಯುವವರೆಗೂ ಶರಣಮ್ಮ ಅಲುಗಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಅಷ್ಟು ಸಣ್ಣ ಮಗು ಹಾಗೆ ನಿಂತಿದ್ದು ನಿಜವೋ, ಆಮೇಲೆ ನೆನಪಿನಲ್ಲಿ ನಾನೇ ನಿಲ್ಲಿಸಿದ್ದೋ ಹೇಳಲಾರೆ. ಮರುವರ್ಷ ಮಾತ್ರ ಮಕ್ಕಳ ಕೈಗೆ ದಾರ ಕೊಟ್ಟೆ. ಗಿಡಕ್ಕೋ ಕೊರಳಿಗೋ, ಎಲ್ಲಿ ಕಟ್ಟಬೇಕೆಂದು ಹೇಳಲಿಲ್ಲ.