ಪರೀಕ್ಷೆ ಬರೆಯದೆ ಸೀಟು ಕೇಳಿದವಳು

ಬರೆಯುವುದೂ ಬಿಡುವುದೂ ನಿಮ್ಮಿಷ್ಟ ಎಂದು ನೋಟಿಸ್ ಹಾಕಿದರೆ ಎಷ್ಟು ಮಕ್ಕಳು ಪರೀಕ್ಷೆ ಬರೆಯದೆ ಉಳಿಯುತ್ತಾರೆ?

ಅರ್ಧ? ಕಾಲು ಭಾಗ? ಎರಡು ವರ್ಷದ ಹಿಂದೆ ಪಾಂಡವಪುರದ ನಮ್ಮ ಜೂನಿಯರ್ ಕಾಲೇಜಿನಲ್ಲಿ ಹಾಗೆ ಉಳಿದದ್ದು ಒಬ್ಬಳೇ ಒಬ್ಬಳು.

ನಾನು ಅಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. (ಶ್ರೀರಂಗಪಟ್ಟಣದಿಂದ ದಿನಾ ಬಸ್ಸಿನಲ್ಲಿ ಓಡಾಟ. ಆ ಬಸ್ಸಿನ ಪುರಾಣ ನಿಮಗೆ ಹಿಂದೆಯೇ ಹೇಳಿ ಬೇಸರ ಹಿಡಿಸಿದ್ದೇನೆ.) ಸೈನ್ಸ್ ಸೆಕ್ಷನ್ನಿನಲ್ಲಿ ಎಂಬತ್ತು ಸೀಟು. ಸೇರಬೇಕೆಂದರೆ ಎಸ್ಸೆಸ್ಸೆಲ್ಸಿ ಅಂಕದ ಜೊತೆಗೆ ಕಾಲೇಜಿನದೇ ಒಂದು ಪ್ರವೇಶ ಪರೀಕ್ಷೆ, ಅದೂ ಇಂಗ್ಲಿಷಿನಲ್ಲಿ. ಕೆಮಿಸ್ಟ್ರಿ, ಫಿಸಿಕ್ಸ್ ಎರಡರ ಪ್ರಶ್ನೆಗಳನ್ನೂ ಮಾಡುತ್ತಿದ್ದವಳು ನಾನೇ. "ಬಹಳ ಟಫ್ ಪೇಪರ್ ಮೇಡಂ" ಎಂದು ಯಾರಾದರೂ ಅಂದರೆ ಒಳಗೊಳಗೇ ಹಿಗ್ಗುತ್ತಿದ್ದೆ. ಸುಳ್ಳೇಕೆ ಹೇಳಲಿ?

ಆ ವರ್ಷ ಆಡಳಿತ ಮಂಡಳಿಯ ಸೆಕ್ರೆಟರಿ ಗೌಡರು ಇದ್ದಕ್ಕಿದ್ದಂತೆ ಪರೀಕ್ಷೆ ಐಚ್ಛಿಕ ಎಂದುಬಿಟ್ಟರು. ಬರೆದವರಿಗೆ ಆ ಅಂಕವೂ ಸೇರುತ್ತದೆ, ಬರೆಯದವರಿಗೆ ಎಸ್ಸೆಸ್ಸೆಲ್ಸಿ ಅಂಕವೇ ಸಾಕು. ಹಳ್ಳಿ ಮಕ್ಕಳ ಮೇಲೆ ಇವರಿಗೆ ಯಾವಾಗ ಇಷ್ಟು ಪ್ರೀತಿ ಬಂತು? ಕೇಳಿಯೇಬಿಟ್ಟೆ.

ರೈಸ್‌ಮಿಲ್ಲು ನಡೆಸುವ ಮನುಷ್ಯ, ಮುಚ್ಚುಮರೆ ಇಲ್ಲ. "ಪರೀಕ್ಷೆ ಅಂದ್ರೆ ಜನ ಎದ್ರುಕೋತಾರೆ ಮೇಡಂ, ಅರ್ಜಿನೇ ಆಕಕಿಲ್ಲ. ಬ್ಯಾಡ ಅಂದ್ಬುಟ್ರೆ ಕೆ.ಆರ್. ಪೇಟೆ, ನಾಗಮಂಗಲದಿಂದೆಲ್ಲ ಬತ್ತವೆ. ಸೀಟು ಅಷ್ಟೇ ಅವೆ. ಹತ್ತು ಜನ ಬಂದು ಒಂಬತ್ತು ಜನ ವಾಪಸ್ ಓದ್ರೆ ಕಾಲೇಜಿಗೆ ಎಂಥಾ ಎಸ್ರು ನೋಡಿ. ಡಾಕ್ಟ್ರ ಶಾಪಿನ ಮುಂದೆ ಜನ ಕಾದಿದ್ರೆ ತಾನೆ ದೊಡ್ಡ ಡಾಕ್ಟ್ರು ಅನ್ನೋದು?"

ಅಂದರೆ ಬಾಗಿಲು ಅಗಲ ಮಾಡಿದ್ದು ಹೆಚ್ಚು ಜನರನ್ನು ಹೊರಗೆ ನಿಲ್ಲಿಸುವುದಕ್ಕೆ.

ಉಪಾಯ ಫಲಿಸಿತು. ಅರ್ಜಿಗಳು ಗುಮಾಸ್ತರ ಮೇಜು ಸಾಲದೆ ನೆಲಕ್ಕಿಳಿದವು. ಆದರೆ 'ಐಚ್ಛಿಕ' ಎಂಬ ಪದವನ್ನು ಯಾರೂ ನಂಬಲಿಲ್ಲ. ನಾಗಮಂಗಲದ ಕಡೆಯ ತಂದೆಯೊಬ್ಬರು ನನ್ನನ್ನೇ ತಡೆದು ಕೇಳಿದರು: "ಐಚ್ಛಿಕ ಅಂದ್ರೆ ಸೀಟು ಬೇಕು ಅನ್ನೋ ಇಚ್ಛೆ ಇರೋರೆಲ್ಲ ಬರೀಬೇಕು ಅಂತ ತಾನೆ?" ನಾನು ಅಲ್ಲ ಎಂದೆ. ಅವರು ನಕ್ಕು, ಮಗನನ್ನು ಹಾಲ್ ಒಳಗೆ ನೂಕಿದರು. ಒಬ್ಬಳನ್ನು ಬಿಟ್ಟು ಎಲ್ಲರೂ ಬರೆದರು.

ಪಟ್ಟಿ ಮಾಡುವ ದಿನ ಪ್ರಿನ್ಸಿಪಾಲರು, ಸೆಕ್ರೆಟರಿ, ನಾನು ಕೂತಿದ್ದೆವು. ಒಂದು ಅರ್ಜಿಯಲ್ಲಿ ಪರೀಕ್ಷೆಯ ಕಾಲಂ ಖಾಲಿ. ಹೆಸರು ರತ್ನ. ಕೆ.ಆರ್. ಪೇಟೆ ತಾಲ್ಲೂಕು, ಹೇಮಗಿರಿ ಹತ್ತಿರದ ಹಳ್ಳಿ. ಕನ್ನಡ ಮೀಡಿಯಂ, ಫಸ್ಟ್ ಕ್ಲಾಸ್.

"ಇದ್ನ ಆ ಕಡೆ ಇಡಿ" ಎಂದರು ಸೆಕ್ರೆಟರಿ. ನಾನೂ ತಲೆಯಾಡಿಸಿದೆ. ಹೌದು, ನಾನೂ.

ಅಷ್ಟರಲ್ಲಿ ಅಟೆಂಡರ್ ಬಂದು, ಆ ಹುಡುಗಿ ತಾಯಿಯ ಜೊತೆ ಬೆಳಿಗ್ಗೆಯಿಂದ ಹೊರಗೆ ಕೂತಿದ್ದಾಳೆ ಎಂದ. ಪ್ರಿನ್ಸಿಪಾಲರು ಒಳಗೆ ಕರೆಸಿದರು.

ಸಣ್ಣ ಮೈಕಟ್ಟಿನ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಜಡೆ. ಹಿಂದೆ ತಾಯಿ ಸಣ್ಣಮ್ಮ, ಬಾಗಿಲು ದಾಟಿ ಒಂದು ಹೆಜ್ಜೆಗೇ ನಿಂತುಬಿಟ್ಟರು.

"ಪರೀಕ್ಷೆ ಯಾಕೆ ಬರೀಲಿಲ್ಲಮ್ಮ?" ಎಂದೆ.

"ಬರೀದಿದ್ರೂ ಆಯ್ತದೆ ಅಂತ ಆಕಿದ್ರಲ್ಲ ಮೇಡಂ."

"ಎಲ್ಲರೂ ಬರೆದರಲ್ಲ?"

"ಇಂಗ್ಲಿಷಲ್ಲಿ ಬರೆದ್ರೆ ಕಮ್ಮಿ ಬತ್ತದೆ ಮೇಡಂ. ಕಮ್ಮಿ ಬಂದಿದ್ದು ನಿಮ್ಮ ಕಣ್ಣಿಗೆ ಕಾಣ್ತದೆ. ಬರೀದೆ ಇದ್ರೆ ನಂಗೆ ಏನು ಗೊತ್ತು ಅಂತ ನೀವು ಕೇಳ್ತೀರಿ ಅನ್ಕೊಂಡೆ."

ಕೇಳದೆ ಅರ್ಜಿಯನ್ನು ಪಕ್ಕಕ್ಕಿಟ್ಟಿದ್ದೆವಲ್ಲ? ಈಗ ಏನು ಕೇಳಲಿ? ಅರ್ಜಿಯಲ್ಲಿ ತಾಯಿಯ ಕಸುಬು ಹೈನುಗಾರಿಕೆ ಎಂದಿತ್ತು. ನನ್ನ ಪೇಪರಿನಲ್ಲಿದ್ದ ಪ್ರಶ್ನೆಯೊಂದನ್ನೇ ಕನ್ನಡದಲ್ಲಿ ಕೇಳಿದೆ: "ಹಾಲಿಗೆ ನೀರು ಬೆರೆಸಿದ್ದಾರೆ ಅಂತ ಲ್ಯಾಕ್ಟೋಮೀಟರಿಗೆ ಹೇಗೆ ಗೊತ್ತಾಗುತ್ತೆ?"

"ಹಾಲಿಗಿಂತ ನೀರಿನ ಸಾಂದ್ರತೆ ಕಮ್ಮಿ. ಬೆರೆಸಿದ್ರೆ ಹಾಲಿಂದೂ ಕಮ್ಮಿ ಆಯ್ತದೆ. ಅದ್ಕೆ ಮೀಟರು ಜಾಸ್ತಿ ಮುಳುಗ್ತದೆ." ಅಷ್ಟಕ್ಕೆ ಪೂರ್ತಿ ಅಂಕ. ಆದರೆ ಅವಳು ನಿಲ್ಲಿಸಲಿಲ್ಲ. "ಅದೊಂದನ್ನೇ ನಂಬಕ್ಕಾಗಕಿಲ್ಲ ಮೇಡಂ. ಮೊದ್ಲು ಕೆನೆ ತೆಗೆದ್ಬುಟ್ರೆ ಸಾಂದ್ರತೆ ಮೇಲಕ್ಕೋಯ್ತದೆ. ಆಮೇಲೆ ನೀರು ಆಕಿದ್ರೆ ಕೆಳಕ್ಕೆ ಬತ್ತದೆ. ಎರಡೂ ಸರಿಗೋಗಿ ಮೀಟರು ಒಳ್ಳೆ ಹಾಲು ಅಂತ ತೋರಿಸ್ತದೆ. ಅದ್ಕೇ ಡೈರೀಲಿ ಫ್ಯಾಟೂ ನೋಡೋದು."

ಬಾಗಿಲ ಬಳಿಯಿಂದ ಸಣ್ಣಮ್ಮ ಗಾಬರಿಯಲ್ಲಿ ಬಾಯಿ ಹಾಕಿದರು: "ನಾವು ಅಂಗೆಲ್ಲ ಮಾಡಕಿಲ್ಲ ಕಣವ್ವ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ಉತ್ತರ ಪತ್ರಿಕೆ ತಿದ್ದಿದ್ದೆ, ಕೆನೆಯ ಮಾತು ಒಬ್ಬರೂ ಬರೆದಿರಲಿಲ್ಲ. ಅದಿರಲಿ, ಪ್ರಶ್ನೆ ಮಾಡಿದ ನನಗೇ ಹೊಳೆದಿರಲಿಲ್ಲ.

ತಾಯಿ ಮಗಳು ಹೊರಗೆ ಹೋದ ಮೇಲೂ ಸೆಕ್ರೆಟರಿಯವರದು ಒಂದೇ ರಾಗ, ಅದೂ ಬಾಗಿಲಾಚೆ ನಿಂತವರಿಗೂ ಕೇಳುವಷ್ಟು ಜೋರಾಗಿ. "ಮಾರ್ಕ್ಸೇ ಇಲ್ದೆ ಎಂಗೆ ಮೇಡಂ ಕೊಡೋದು?"

"ಹಾಗಾದರೆ ನಾವು ಹಾಕಿದ್ದು ಸುಳ್ಳು ಎಂದು ಇನ್ನೊಂದು ನೋಟಿಸ್ ಹಾಕಿಸಿ. ಬೇಕಾದರೆ ನಾನೇ ಬರೆದುಕೊಡುತ್ತೇನೆ" ಎಂದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಅವರು ಅರ್ಜಿಯನ್ನು ನನ್ನ ಕಡೆ ತಳ್ಳಿದರು. "ಕೊನೇ ಸೀಟು ಕೊಡಿ. ಫೇಲಾದ್ರೆ ಜವಾಬ್ದಾರಿ ನಿಮ್ದು."

ರತ್ನ ಪಾಂಡವಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜಿಗೆ ಬರತೊಡಗಿದಳು. ಮೊದಲ ಟೆಸ್ಟಿನಲ್ಲಿ ಐವತ್ತಕ್ಕೆ ಹನ್ನೊಂದು. ಸೆಕ್ರೆಟರಿ ಆಫೀಸಿಗೆ ಕರೆಸಿ, "ಏನ್ ಮೇಡಂ, ನಿಮ್ಮ ಐಚ್ಛಿಕ ಹುಡ್ಗಿ?" ಎಂದರು. ಸ್ಟಾಫ್ ರೂಮಿನಲ್ಲೂ ಅದೇ ಹೆಸರು ಬಿತ್ತು. ಆ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ. ತಪ್ಪು ಮಾಡಿದೆನೇ?

ಮರುದಿನ ಅವಳೇ ಬಂದಳು. ಅಳಲಿಲ್ಲ. "ವಿಷ್ಯ ಗೊತ್ತು ಮೇಡಂ, ಪದ ಗೊತ್ತಿಲ್ಲ" ಎಂದು ಒಂದು ನೋಟ್‌ಬುಕ್ ಮುಂದಿಟ್ಟಳು. ಎಡಕ್ಕೆ ಆಮ್ಲ, ಪ್ರತ್ಯಾಮ್ಲ, ಲವಣ. ಬಲಗಡೆ ಖಾಲಿ. ಅಂದಿನಿಂದ ಕಾಲೇಜು ಬಿಟ್ಟ ಮೇಲೆ ದಿನಕ್ಕೆ ಹತ್ತು ಪದ. ನನ್ನ ಬಸ್ಸು ತಪ್ಪುತ್ತಿತ್ತು, ಮನೆಯಲ್ಲಿ ಅಡಿಗೆ ತಡವಾಗುತ್ತಿತ್ತು. (ಯಜಮಾನರು ಉಪ್ಪಿಟ್ಟು ಮಾಡುವುದನ್ನು ಕಲಿತರು. ಅದೂ ಒಂದು ವಿದ್ಯೆಯೇ.) ದೀಪಾವಳಿ ಹೊತ್ತಿಗೆ ಇಪ್ಪತ್ತಾರು. ವರ್ಷದ ಕೊನೆಗೆ ನಾನು ಹೇಳಿಕೊಡುವುದಕ್ಕೆ ಮೊದಲೇ ಬಲಗಡೆಯನ್ನು ಅವಳೇ ತುಂಬಿಕೊಂಡು ಬರುತ್ತಿದ್ದಳು.

ಕಳೆದ ವಾರ ಸೆಕೆಂಡ್ ಪಿಯುಸಿ ಫಲಿತಾಂಶ ಬಂತು.

ಬೋರ್ಡಿನ ಮುಂದೆ ಜನವೋ ಜನ. ನಾನು ಹೋಗಲಿಲ್ಲ, ಲ್ಯಾಬಿನಲ್ಲೇ ಕೂತು ತೊಳೆದ ಟೆಸ್ಟ್‌ಟ್ಯೂಬುಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಅಟೆಂಡರ್ ಓಡಿ ಬಂದ. ರತ್ನ ಫಸ್ಟ್ ಕ್ಲಾಸ್. ಕೆಮಿಸ್ಟ್ರಿಯಲ್ಲಿ ಇಡೀ ಕಾಲೇಜಿಗೇ ಹೆಚ್ಚು.

ಕೆಳಗಿಳಿದು ಬಂದರೆ ಸೆಕ್ರೆಟರಿಯವರು ಆಗಲೇ ಅವಳ ತಲೆಯ ಮೇಲೆ ಕೈಯಿಟ್ಟು, ನೆರೆದವರಿಗೆಲ್ಲ ಹೇಳುತ್ತಿದ್ದರು: "ನಾವೇ ಉಡುಕಿ ತೆಗೆದ ಹುಡ್ಗಿ ಕಣ್ರಪ್ಪ."

ಸಣ್ಣಮ್ಮ ಈ ಸಲ ಬಾಗಿಲ ಬಳಿ ನಿಂತಿರಲಿಲ್ಲ. ನೇರ ಮುಂದೆ ಬಂದು, ನಗುತ್ತಲೇ ಕೇಳಿದರು: "ಈಗ ಮಾರ್ಕ್ಸ್ ಅವೆ ಅಲ್ವ ಗೌಡ್ರೆ?"

ಗೌಡರು ತಾವೇ ಜೋರಾಗಿ ನಕ್ಕುಬಿಟ್ಟರು. ಒಳ್ಳೆಯ ಮನುಷ್ಯ. ಆ ನಗು ನಿಲ್ಲುವ ಮೊದಲೇ ನಾನು ಕೇಳಬೇಕಾದ್ದನ್ನು ಕೇಳಿದೆ: ಈ ವರ್ಷದಿಂದ ಪರೀಕ್ಷೆ ಬರೆಯದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂರಿಸಿ, ಕನ್ನಡದಲ್ಲೇ ಮಾತಾಡಿಸಬೇಕು. ಅಷ್ಟು ಜನರೆದುರು ಇಲ್ಲ ಎನ್ನಲು ಅವರಿಗಾಗಲಿಲ್ಲ. ನೋಟಿಸಿನಲ್ಲೂ ಹಾಗೆಯೇ ಹಾಕಿಸಿದೆ. ನಿನ್ನೆ ಮೊದಲ ದಿನ. ಮೂವತ್ತನಾಲ್ಕು ಮಕ್ಕಳು. ಮಾತಾಡಿ ಮಾತಾಡಿ ನನ್ನ ಗಂಟಲು ಕಟ್ಟಿದೆ, ಇಷ್ಟು ಸಂತೋಷದಿಂದ ಯಾವತ್ತೂ ಕಟ್ಟಿರಲಿಲ್ಲ.

ರತ್ನಳನ್ನು ಸೇರಿಸಿಕೊಂಡಿದ್ದಕ್ಕೆ ಈಗ ಊರೆಲ್ಲ ನಮ್ಮನ್ನು ಹೊಗಳುತ್ತಿದೆ. ನನ್ನ ಟಫ್ ಪೇಪರು ಇಷ್ಟು ವರ್ಷ ವಾಪಸ್ ಕಳಿಸಿದ ಮಕ್ಕಳೆಲ್ಲ ಎಲ್ಲಿದ್ದಾರೆ ಎಂದು ಮಾತ್ರ ಯಾರೂ ಏಕೆ ಕೇಳುತ್ತಿಲ್ಲ?